ಬಿಸಿಲಿಗಿಟ್ಟ ಕಾಗದಗಳು

೨೯ ಮಾರ್ಚ್

ಅತ್ತೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ "ನನಗೇನು, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತೀರಿ. ಫೋನಿನಲ್ಲಿ ಜಗಳವಾಡೋಣ ಎಂದರೆ ನಿಮ್ಮ ಮೊಬೈಲು ಇಲ್ಲೇ ಕಪಾಟಿನ ಮೇಲೆ ಕೂತಿದೆ. ಮರೆತು ಹೋದಿರೋ, ಬೇಕೆಂದೇ ಬಿಟ್ಟು ಹೋದಿರೋ, ನಿಮಗೇ ಗೊತ್ತು. ವೃದ್ಧಾಶ್ರಮದಲ್ಲಿರುವ ಒಂದೇ ಫೋನಿಗೆ ಅಜ್ಜ ಅಜ್ಜಿಯರ ಮಕ್ಕಳ ಕರೆಗಳ ಸಾಲು. ಇಲ್ಲಿ ನಮ್ಮ ಫೋನು ಒಮ್ಮೆ ಟ್ರಿಣ್ ಎಂದರೆ ನಿಮ್ಮ ಮೊಮ್ಮಗ ಸಾಹೇಬರು ಎಚ್ಚರಗೊಂಡು ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತಾರೆ. ಹಾಗಾಗಿ ಕಾಗದದಲ್ಲೇ ಜಗಳ.

ಎರಡೇ ವಾರ ಎಂದು ಹೇಳಿ ಒಂದು ಚೀಲ ಹಿಡಿದು ಹೊರಟಿರಿ. ನಾನು ಎದ್ದಾಗ ನಿಮ್ಮ ಹಾಸಿಗೆ ಮಡಿಸಿಟ್ಟಿತ್ತು. ಎರಡು ತಿಂಗಳ ಕೂಸನ್ನು ನನ್ನ ಕೈಗೆ ಬಿಟ್ಟು, ಎಪ್ಪತ್ತು ಎಂಬತ್ತು ವರ್ಷದ ಕೂಸುಗಳನ್ನು ನೋಡಿಕೊಳ್ಳಲು ಹೋಗಿದ್ದೀರಿ. ನಿಮ್ಮ ಮಗ ಬೆಳಿಗ್ಗೆ ಕರೆಂಟಿನ ಕಂಬ ಹತ್ತಲು ಹೋದರೆ ಸಂಜೆಗೆ ಬರುತ್ತಾರೆ. ಬಂದರೂ ಮುಂದಿನ ಕೋಣೆಯಲ್ಲೇ ಊಟ, ಅಲ್ಲೇ ನಿದ್ದೆ. ಮಗುವಿಗೆ ಸೋಂಕು ತಾಗೀತೆಂಬ ಭಯ. ಬಾಗಿಲ ಸಂದಿಯಿಂದ ಅವನಿಗೆ ಕೈ ಬೀಸುತ್ತಾರೆ. ಜೈಲಿನಲ್ಲಿ ಭೇಟಿಗೆ ಬಂದವರ ಹಾಗೆ.

ಒಳಗೆ ಹೋದವರು ಆಗಾಗ ಹೊರಗೆ ಬಂದು ಹೋಗುವಂತಿಲ್ಲ ಎಂದು ನನಗೂ ಗೊತ್ತು. ಆಶ್ರಮಗಳಿಗೆ ಸೋಂಕಿನ ಕಾಲದ ನಿಯಮ ಬರೆಯುವ ಇಲಾಖೆಯಲ್ಲೇ ಅಲ್ಲವೇ ನಾನಿರುವುದು. ಹೋದ ವರ್ಷ ಜ್ವರ ಹಬ್ಬಿದಾಗ ಆ ಹಾಳೆಯನ್ನು ಬರೆದವಳೂ ನಾನೇ. ಅದಕ್ಕೇ ಹೇಳುತ್ತಿದ್ದೇನೆ: ರಾಜೀನಾಮೆ ಕೊಟ್ಟು ಬನ್ನಿ. ಬೇರೆ ದಾರಿ ನಿಯಮದಲ್ಲಿಲ್ಲ.

ನನಗೆ ನೀವು ಬೇಕು, ಅತ್ತೆ. ಇಷ್ಟು ಬರೆಯಲು ಎರಡು ಸಲ ಪೆನ್ನು ಕೆಳಗಿಟ್ಟೆ. ಎರಡು ಸಲವೂ ಅವನು ಎದ್ದದ್ದಕ್ಕೆ ಮಾತ್ರ ಅಲ್ಲ.

ನಿಮ್ಮ ಸೊಸೆ


೬ ಏಪ್ರಿಲ್

ಹುಡುಗೀ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಕೈಗೆ ಸಿಕ್ಕಿದ್ದು ಇವತ್ತು. ಹೊರಗಿನಿಂದ ಬಂದ ಕಾಗದವನ್ನೆಲ್ಲ ಇಲ್ಲಿ ಮೂರು ದಿನ ಬಿಸಿಲಿಗಿಡುತ್ತಾರೆ. ಊಟದ ಕೋಣೆಯ ದೊಡ್ಡ ಕಿಟಕಿಯಿದೆಯಲ್ಲ, ಅದರ ಆಚೆ ಒಂದು ಹಲಗೆ ಹೊಡೆದು, ಲಕೋಟೆಗಳನ್ನು ಗಾಜಿಗೆ ಒರಗಿಸಿ ನಿಲ್ಲಿಸುತ್ತಾರೆ. ಯಾರಿಗೆ ಬಂದಿದೆ ಎಂದು ಒಳಗಿನಿಂದ ಕಾಣುತ್ತದೆ, ಮುಟ್ಟುವ ಹಾಗಿಲ್ಲ. ನಮ್ಮ ಅಜ್ಜ ಅಜ್ಜಿಯರು ತಿಂಡಿಗೆ ಬಂದ ಕೂಡಲೇ ಕಿಟಕಿಗೆ ಮೂಗು ಒತ್ತುತ್ತಾರೆ. ನಾನೂ ಮೂರು ದಿನ ನಿನ್ನ ಅಕ್ಷರ ನೋಡುತ್ತಾ ಗಂಜಿ ಬಡಿಸಿದೆ. ವಿಳಾಸದಲ್ಲೇ ನಿನ್ನ ಕೋಪ ಕಾಣುತ್ತಿತ್ತು.

ಬರುವುದಕ್ಕೆ ಆಗುವುದಿಲ್ಲ ಕಣೇ. ಅರ್ಧಕ್ಕರ್ಧ ಜನ ಮನೆಗೆ ಹೋಗಿಬಿಟ್ಟರು. ಅವರದ್ದೂ ತಪ್ಪಲ್ಲ, ಅವರ ಮನೆಯಲ್ಲೂ ಕೂಸುಗಳಿವೆ. ಉಳಿದವರಲ್ಲಿ ಹಳಬಳು ನಾನೊಬ್ಬಳೇ. ಮೇಟ್ರನ್ ನನ್ನ ಮುಖ ನೋಡಿದಾಗಲೆಲ್ಲ "ನೀವಿದ್ದೀರಲ್ಲಾ" ಎನ್ನುತ್ತಾರೆ. ಹೊಗಳಿಕೆಯೋ ಹೆದರಿಕೆಯೋ ತಿಳಿಯದು.

ಚಿಲಕದಜ್ಜಿಯ ವಿಷಯ ನಿನಗೆ ಹೇಳಿದ್ದೆನಲ್ಲ, ಸಂಜೆಯಾದರೆ ಬಾಗಿಲು ಬಾಗಿಲಿಗೂ ಹೋಗಿ ಚಿಲಕ ಮುಟ್ಟಿ ನೋಡುವವರು. ಮರೆವು ಹೆಚ್ಚಾಗಿದೆ. ನಾವೆಲ್ಲ ಮುಖಗವಸು ಹಾಕಿಕೊಂಡ ಮೇಲೆ ಅವರಿಗೆ ನಾವೆಲ್ಲ ಕಳ್ಳರು. "ಮುಖ ಮುಚ್ಚಿಕೊಂಡು ಬಂದವರ ಕೈಯ ಊಟ ನಾನು ಮಾಡೋಲ್ಲ" ಅಂತ ತುಟಿ ಬಿಗಿದು ಕೂತಿದ್ದಾರೆ. ಅವರು ಹೇಳುವುದರಲ್ಲೂ ನ್ಯಾಯವಿದೆ.

ಸಾಹೇಬರು ಮಲಗದಿದ್ದರೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂರು, ತಟ್ಟಬೇಡ. ತಟ್ಟಿದರೆ ಆಟ ಅಂದುಕೊಳ್ಳುತ್ತಾನೆ. ಒಂದು ಉಪಕಾರ ಮಾಡು. ಅವನ ಕುಲಾವಿ ಒಂದು ಕಳಿಸು, ನೀಲಿಯದ್ದು. ಒಗೆಯಬೇಡ. ಅವನ ತಲೆಯ ವಾಸನೆ ಇರಲಿ.

ಅತ್ತೆ


೧೨ ಏಪ್ರಿಲ್

ಅತ್ತೆ,

ಕುಲಾವಿ ಇದರ ಜೊತೆಗಿದೆ. ಎರಡು ದಿನ ಅವನಿಗೆ ಹಾಕಿಯೇ ಇಟ್ಟಿದ್ದೆ. ಹಾಲು, ಬೆವರು, ಒಂದಿಷ್ಟು ಜೊಲ್ಲು, ಎಲ್ಲಾ ಇವೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದೇನೆ. ಮೂಗಿನ ಹತ್ತಿರ ಹಿಡಿದು ಬಿಚ್ಚಿ.

ನಾವು ಚೆನ್ನಾಗಿದ್ದೇವೆ. ಅವನೂ ಮಲಗುತ್ತಾನೆ, ನಾನೂ ಮಲಗುತ್ತೇನೆ. ನಿಮ್ಮ ಮಗ ನಿನ್ನೆ ಕೇಳಿದರು, "ನನ್ನ ಫೋನು ಫ್ರಿಜ್ಜಿನಲ್ಲಿ ಏನು ಮಾಡುತ್ತಿದೆ?" ಎಂದು. ತಣ್ಣಗಿರಲಿ ಎಂದು ಇಟ್ಟಿದ್ದೆ ಎಂದೆ. ಚಹಾಕ್ಕೆ ಉಪ್ಪು ಹಾಕಿದ್ದು ಮಾತ್ರ ಅವರ ಭ್ರಮೆ.

ನನಗೆ ಸ್ವಲ್ಪ ನೆಗಡಿ. ಬರೀ ನೆಗಡಿ ಎಂದು ಡಾಕ್ಟರು ಪರೀಕ್ಷೆ ಮಾಡಿಸಿ ಹೇಳಿದ್ದಾರೆ, ಗಾಬರಿಯಾಗಬೇಡಿ. ಆದರೂ ಮುಖಗವಸು ಹಾಕಿಕೊಂಡೇ ಹಾಲೂಡಿಸಲು ಹೋದೆ. ನನ್ನ ಮುಖ ನೋಡಿ ಅವನು ಚೀರಿದ ರೀತಿ! ನಾನು ಯಾರೋ ಅವನ ಅಮ್ಮನನ್ನು ಕದ್ದು ಬಂದವಳ ಹಾಗೆ. ನಿಮ್ಮ ಚಿಲಕದಜ್ಜಿಗೂ ಇವನಿಗೂ ಒಂದೇ ಕಾನೂನು. ಏನು ಮಾಡಲಿ?

ನಿಮ್ಮ ಸೊಸೆ


೨೦ ಏಪ್ರಿಲ್

ಹುಡುಗೀ,

ಮೊದಲು ಕೆಟ್ಟ ಸುದ್ದಿ. ಕುಲಾವಿ ಬಂತು, ಆದರೆ ನನ್ನ ಕೈಗೆ ಬರುವ ಮುಂಚೆ ಬಟ್ಟೆ ಒಗೆಯುವ ಅಣ್ಣನ ಕೈಗೆ ಹೋಯಿತು. ಅವನು ಅದನ್ನು ಕುದಿಯುವ ನೀರಿಗೆ ಹಾಕಿ, ಮದ್ದು ಸುರಿದು, ಇಸ್ತ್ರಿಯನ್ನೂ ಮಾಡಿ ತಂದುಕೊಟ್ಟ. ನಮ್ಮ ಸಾಹೇಬರ ವಾಸನೆ ಹೋಗಿ ಆಸ್ಪತ್ರೆಯ ಬಚ್ಚಲಿನ ವಾಸನೆ ಬರುತ್ತಿದೆ. ನನಗೆ ಅಳು ಬಂತು. "ಯಾವ ಪುಣ್ಯಾತ್ಮ ಹೇಳಿದ ನಿನಗೆ?" ಅಂತ ಅವನ ಮೇಲೆ ಎಗರಿದೆ. ಅವನು ಪಾಪ ಗೋಡೆ ತೋರಿಸಿದ. ಅಲ್ಲಿ ನಿನ್ನ ಇಲಾಖೆಯ ಹಾಳೆ. "ಹೊರಗಿನಿಂದ ಬಂದ ಬಟ್ಟೆಯನ್ನೆಲ್ಲ ಕುದಿನೀರಿನಲ್ಲಿ ಒಗೆಯತಕ್ಕದ್ದು."

ಒಗೆಯತಕ್ಕದ್ದು! ಈ ಪದ ನೋಡಿದ ಕೂಡಲೇ ಬರೆದವಳು ಯಾರೆಂದು ಗೊತ್ತಾಯಿತು. ಅಳುವುದು ಬಿಟ್ಟು ನಗಲು ಶುರು ಮಾಡಿದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಈಗ ಒಳ್ಳೆಯ ಸುದ್ದಿ. ಚಿಲಕದಜ್ಜಿ ಉಣ್ಣುತ್ತಿದ್ದಾರೆ. ನಾನು ಈಗ ಸೀದಾ ಒಳಗೆ ಹೋಗುವುದಿಲ್ಲ. ಬಾಗಿಲ ಆಚೆಯೇ ನಿಂತು, "ಚಿಲಕ ಎಲ್ಲಾ ಹಾಕಿದ್ದೀನಿ ಕಣಮ್ಮಾ, ನಾನು ಬಂದೆ" ಅಂತ ಕೂಗುತ್ತೇನೆ. ದಿನಾ ಅದೇ ಮಾತು, ಅದೇ ರಾಗ. ಮೊದಲು ದನಿ ಒಳಗೆ ಹೋಗುತ್ತದೆ, ಹಿಂದೆ ನಾನು ಹೋಗುತ್ತೇನೆ. ಅವರು ನನ್ನ ಮುಖವನ್ನೇ ನೋಡುವುದಿಲ್ಲ, ಬಾಯಿ ತೆರೆಯುತ್ತಾರೆ. ನೀನೂ ಮಾಡಿ ನೋಡು. ಮುಖ ಕಾಣುವ ಮುಂಚೆ ದನಿ ಕೇಳಿಸಲಿ.

ಅತ್ತೆ


೨೫ ಏಪ್ರಿಲ್

ಅತ್ತೆ,

ಗೋಡೆಯ ಮೇಲಿನ ಹಾಳೆಗೆ ನನ್ನ ಪರವಾಗಿ ಒಂದು ಏಟು ಕೊಡಿ. ಎಂಟು ತಿಂಗಳ ಹಿಂದೆ ತಂಪು ಕೋಣೆಯಲ್ಲಿ ಕೂತು "ತಕ್ಕದ್ದು" ಎಂದು ಬರೆದಾಗ, ಬಟ್ಟೆ ಎಂದರೆ ನನಗೆ ಬಟ್ಟೆಯಷ್ಟೇ ಆಗಿತ್ತು.

ನಿಮ್ಮ ಉಪಾಯ ಫಲಿಸಿತು. ಅಡುಗೆಮನೆಯಿಂದಲೇ "ಚಿಲಕ ಎಲ್ಲಾ ಹಾಕಿದ್ದೀನಿ ಕಣಪ್ಪಾ, ನಾನು ಬಂದೆ" ಎಂದು ಕೂಗುತ್ತಾ ಹೋದೆ. ಬೇರೆ ಮಾತು ಹೊಳೆಯಲಿಲ್ಲ. ನಿಮ್ಮ ಹಾಗೆಯೇ "ಕಣ" ಎನ್ನುವಲ್ಲಿ ಎಳೆದೆ. ಅಳು ನಿಲ್ಲಿಸಿ ಬಾಗಿಲ ಕಡೆ ತಿರುಗಿದ! ನಿಮ್ಮ ಮಗ ಮುಂದಿನ ಕೋಣೆಯಿಂದ, "ಅಮ್ಮ ಬಂದ್ರಾ?" ಎಂದು ಎದ್ದು ಬಂದರು. ಇಬ್ಬರಿಗೂ ಒಟ್ಟಿಗೆ ಮೋಸ ಮಾಡಿದೆ.

ಈಗ ನನ್ನದೊಂದು ಉಪಾಯ ತೆಗೆದುಕೊಳ್ಳಿ. ಸಾಹೇಬರು ನಾನು ಇಡೀ ದಿನ ಹೊದ್ದ ಹಳೇ ಶಾಲನ್ನು ಪಕ್ಕದಲ್ಲಿಟ್ಟರೆ ಮಾತ್ರ ಕೈ ಬಿಡುತ್ತಾರೆ. ಒಗೆದದ್ದಾದರೆ ಮೂಸಿ ನೋಡಿ ಚೀರುತ್ತಾರೆ. ಅಜ್ಜಿಗೆ ಒಬ್ಬ ಮಗಳಿದ್ದಾರೆ ಎಂದಿದ್ದಿರಿ, ಈಗ ಬರುವ ಹಾಗಿಲ್ಲ ಎಂದು. ಆಕೆ ಹೊದ್ದ ಶಾಲು ತರಿಸಿ. ಒಗೆಯಬೇಡಿ! ಕಾಗದಗಳ ಜೊತೆ ಬಿಸಿಲಿಗಿಡಿ. ಕಾಗದಕ್ಕೆ ಸಾಕಾದ ಬಿಸಿಲು ಶಾಲಿಗೆ ಯಾಕೆ ಸಾಲದು ಎಂದು ನಮ್ಮ ಇಲಾಖೆಯ ಮೇಡಂಗೆ ಬರೆದು ಕೇಳಿದ್ದೇನೆ. ಅವರು ಡಾಕ್ಟರರನ್ನು ಕೇಳಿ, ಇನ್ನೂ ಒಂದೆರಡು ದಿನ ಹೆಚ್ಚಿಗೆ ಇಟ್ಟರೆ ಆಗಬಹುದು ಎಂದರು. ಹೊಸ ಹಾಳೆ ಬರುತ್ತದೆ. ಅದರಲ್ಲಿ "ತಕ್ಕದ್ದು" ಇರುವುದಿಲ್ಲ.

ಮೇಡಂ ಇನ್ನೊಂದು ಕೇಳಿದರು. ಆಶ್ರಮಗಳಿಂದ ಫೋನಿನ ಮೇಲೆ ಫೋನು ಬರುತ್ತಿದೆಯಂತೆ, ಕೈಗವಸು ಇಲ್ಲ, ಜನ ಇಲ್ಲ, ಹೆದರಿಕೆ ಎಂದು. "ಹೆರಿಗೆ ರಜೆಯಲ್ಲಿದ್ದೀಯ, ಆದರೂ ಮನೆಯಿಂದಲೇ ದಿನಕ್ಕೆ ಒಂದೆರಡು ಗಂಟೆ ತೆಗೆದುಕೊಳ್ಳುತ್ತೀಯಾ?" ಎಂದರು. ಮಗು ಅಳುತ್ತದೆ ಎಂದೆ. "ಇಲ್ಲಿ ಎಲ್ಲರೂ ಅಳ್ತಿದ್ದಾರೆ ಬಿಡಮ್ಮ" ಎಂದರು. ಒಪ್ಪಿಕೊಂಡೆ.

ನಿಮ್ಮ ಸೊಸೆ


೧೦ ಮೇ

ಸೊಸೆಗೆ ಆಶೀರ್ವಾದಗಳು.

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ಬಿಸಿನೀರು ಚೆಲ್ಲಿ ನನ್ನ ಬಲಗೈ ಸ್ವಲ್ಪ ಸುಟ್ಟಿದೆ. ನಾನು ಹೇಳುತ್ತೇನೆ, ಮೇಷ್ಟ್ರು ಬರೆದುಕೊಳ್ಳುತ್ತಾರೆ. (ನಿವೃತ್ತ ಶಿಕ್ಷಕ, ಕೋಣೆ ಸಂಖ್ಯೆ ನಾಲ್ಕು. ನಮಸ್ಕಾರ.)

ಅಜ್ಜಿಯ ಮಗಳ ಶಾಲು ಬಂತು. ಬಿಸಿಲಲ್ಲಿ ಒಣಗಿ ಒಳಗೆ ಬಂದ ದಿನ ಅಜ್ಜಿ ಅದನ್ನು ಮುಖಕ್ಕೆ ಒತ್ತಿಕೊಂಡು ಕೂತರು. ಮಗಳ ಹೆಸರು ಬರಲಿಲ್ಲ. ಆದರೆ ಆವತ್ತು ಚಿಲಕ ನೋಡಲು ಏಳಲಿಲ್ಲ. ಈಗ ಎಲ್ಲರೂ ಮನೆಯಿಂದ ಬಟ್ಟೆ ತರಿಸುತ್ತಿದ್ದಾರೆ. ಕಿಟಕಿಯ ಆಚೆ ಅಂಗಡಿ ಇಟ್ಟ ಹಾಗಾಗಿದೆ. (ನಾನು ಯಾರಿಂದಲೂ ತರಿಸಿಲ್ಲ. ನನ್ನದೇ ಸ್ವೆಟರಿನ ವಾಸನೆ ಸಾಕಷ್ಟಿದೆ.)

ಇಲ್ಲಿ ಎಲ್ಲವೂ ಕ್ಷೇಮ. ನೀನು ಫೋನಿನ ಕೆಲಸ ಒಪ್ಪಿಕೊಂಡದ್ದು ಸಂತೋಷ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅತ್ತೆ


೧೫ ಮೇ

ಅತ್ತೆ,

ಮೇಷ್ಟ್ರಿಗೆ ನಮಸ್ಕಾರ. ಅಕ್ಷರ ಮುದ್ದಾಗಿದೆ. ಆದರೆ "ಆಶೀರ್ವಾದಗಳು", "ಕ್ಷೇಮ", "ಇಂತಿ" ಎಂದರೆ ಯಾರು? ನನಗೆ ಗೊತ್ತಿರುವ ಅತ್ತೆ "ಹುಡುಗೀ" ಎಂದು ಶುರು ಮಾಡಿ ಬೈಯುತ್ತಾರೆ.

ನನ್ನ ಮೇಲೆ ಬೇಸರವೇ? ಮೊದಲ ಕಾಗದದಲ್ಲಿ ರಾಜೀನಾಮೆ ಎಂದದ್ದು ಇನ್ನೂ ಚುಚ್ಚುತ್ತಿದೆಯೇ? ಅಥವಾ ಕೂಸನ್ನು ಬಿಟ್ಟು ಫೋನು ಹಿಡಿದಳು ಎಂದೇ? ಅವನು ನನ್ನ ಮಡಿಲಲ್ಲೇ ಇರುತ್ತಾನೆ. ಹಾಲು ಕುಡಿಯುತ್ತಾ, ನಾನು "ಹೇಳಿ ಮೇಡಂ, ಎಷ್ಟು ಜನಕ್ಕೆ ಜ್ವರ?" ಎಂದರೆ ಗಂಭೀರವಾಗಿ ಕೇಳಿಸಿಕೊಳ್ಳುತ್ತಾನೆ. ಹೆಚ್ಚಿನವರಿಗೆ ನನ್ನಿಂದ ಬೇಕಾದ್ದು ಉತ್ತರವೇ ಅಲ್ಲ. ಒಬ್ಬಾಕೆ ಕೈಗವಸಿನ ಅಳತೆ ಕೇಳಲು ಫೋನು ಮಾಡಿ, ಅಳತೆ ಮರೆತು, ತಾನು ಮಗಳನ್ನು ನೋಡಿ ಎಷ್ಟು ದಿನವಾಯಿತೆಂದು ಹೇಳಿ ಇಟ್ಟರು.

ಎಡಗೈಯಲ್ಲಾದರೂ ಸರಿ, ಒಂದು ಸಾಲು ನೀವೇ ಬರೆಯಿರಿ. ಕಾಗೆ ಕಾಲು ಗುಬ್ಬಿ ಕಾಲಾದರೂ ಓದಿಕೊಳ್ಳುತ್ತೇನೆ.

ನಿಮ್ಮ ಸೊಸೆ


೨೦ ಮೇ

ತಾಯೀ,

ಇದನ್ನು ಯಾರೂ ಹೇಳಿಕೊಟ್ಟು ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದವನು, ಹೋದ ಕಾಗದದಲ್ಲಿ ನಿಮಗೊಂದು ಸುಳ್ಳು ಬರೆದುಕೊಟ್ಟೆ. ಕಾಗುಣಿತ ಮಾತ್ರ ಸರಿಯಾಗಿತ್ತು.

ನಿಮ್ಮ ಅತ್ತೆಯವರ ಕೈ ಸುಟ್ಟಿಲ್ಲ. ಅವರಿಗೆ ಸೋಂಕು ತಗುಲಿ ಕೊನೆಯ ಕೋಣೆಯಲ್ಲಿದ್ದಾರೆ. ನಾನು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ, ಅವರು ಮುಚ್ಚಿದ ಗಾಜಿನ ಒಳಗಿನಿಂದ ಕೂಗಿ ಹೇಳುತ್ತಿದ್ದರು. ಕೆಮ್ಮು ಬಂದಾಗ ನಿಲ್ಲಿಸುತ್ತಿದ್ದರು. ಆ ಬಿಡುವಿನಲ್ಲಿ ನಾನು ಆವರಣ ಚಿಹ್ನೆಯೊಳಗೆ ತಮಾಷೆ ಸೇರಿಸುತ್ತಿದ್ದೆ. ನನಗೂ ಹೆದರಿಕೆಯಾಗಿತ್ತು.

ಈಗ ಜ್ವರ ಇಳಿದಿದೆ. ಡಾಕ್ಟರರು ಅಪಾಯ ದಾಟಿದೆ ಎಂದಿದ್ದಾರೆ. ನಿನ್ನೆ ಗಂಜಿಗೆ ಉಪ್ಪು ಸಾಲದೆಂದು ಅಡುಗೆಯವರ ಜೊತೆ ಗಾಜಿನ ಮೂಲಕವೇ ಜಗಳವಾಡಿದರು. ಇದು ಗುಣಮುಖವಾಗುವ ಲಕ್ಷಣವೆಂದು ನಾನು ತಿಳಿದಿದ್ದೇನೆ.

ನಿಮ್ಮ ಹೊಸ ಲಕೋಟೆ ಕಿಟಕಿಯಲ್ಲಿ ನಿಂತಿದೆ. ಒಳಗೇನಿದೆಯೋ ನನಗೆ ಗೊತ್ತಿಲ್ಲ, ಹೊರಗೆ ವಿಳಾಸದ ಅಕ್ಷರ ನಡುಗಿದೆ. ಅದಕ್ಕೇ ಬರೆದೆ.

ಮೇಷ್ಟ್ರು


೨೫ ಮೇ

ಅತ್ತೆ,

ಮೇಷ್ಟ್ರ ಕಾಗದ ಓದಿದ ಕೂಡಲೇ ಸಾಲು ಮುರಿದು ಫೋನು ಮಾಡಿದೆನಲ್ಲ, ಫೋನನ್ನು ನಿಮ್ಮ ಕೋಣೆಗೇ ತಂದುಕೊಟ್ಟರು, ನೀವು "ಏನೂ ಇಲ್ಲ ಕಣೇ" ಎಂದಿರಿ. ನಿಮ್ಮ ಕೆಮ್ಮು ನಿಮಗಿಂತ ಹೆಚ್ಚು ಮಾತಾಡಿತು. ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಕೂತು, ಈ ಹೆಂಗಸು ನನ್ನ ಕೈಗೆ ಸಿಗಲಿ, ಎಂದು ಬೈದುಕೊಳ್ಳುತ್ತಾ ಅತ್ತುಬಿಟ್ಟೆ. ಸಾಹೇಬರೂ ಜೊತೆಗೆ ಅತ್ತರು, ಕಾರಣ ಕೇಳದೆ.

ಆಮೇಲೆ ಹೊಳೆಯಿತು, ನಾನೂ ಅದನ್ನೇ ಮಾಡಿದ್ದೆ. ನಾವು ಚೆನ್ನಾಗಿದ್ದೇವೆ ಎಂದಿದ್ದೆ. ನಾನು ಮಲಗುತ್ತಿಲ್ಲ, ಅತ್ತೆ. ಅವನು ಮಲಗಿದರೂ ನಾನು ಮಲಗುವುದಿಲ್ಲ. ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಇದೆ ಎಂದು ಗೊತ್ತಾದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ನಿಮ್ಮ ಚಿಲಕದಜ್ಜಿ ಬಾಗಿಲಿಗೆ ಮಾಡುವುದನ್ನು ನಾನು ಮಗುವಿಗೆ ಮಾಡುತ್ತಿದ್ದೇನೆ. ಒಮ್ಮೊಮ್ಮೆ ಸ್ನಾನದ ನೀರು ಮುಟ್ಟಲೂ ಭಯ, ನನ್ನ ಕೈಯಿಂದಲೇ ಏನಾದರೂ ಆಗಿಬಿಟ್ಟರೆ ಎಂದು.

ನಿಮ್ಮ ಮಗನಿಗೆ ನಿನ್ನೆ ಹೇಳಿದೆ. ಅವರು ಬಾಗಿಲ ಆಚೆ ನೆಲದ ಮೇಲೆ ಕೂತರು, ನಾನು ಈಚೆ ಕೂತೆ. ಏನೂ ಬುದ್ಧಿ ಹೇಳಲಿಲ್ಲ. ಪರೀಕ್ಷೆ ಮಾಡಿಸಿಕೊಂಡು ಇನ್ನು ಮೇಲೆ ಸಂಜೆ ಅವನನ್ನು ಎತ್ತಿಕೊಳ್ಳುತ್ತೇನೆ ಎಂದರು. ಡಾಕ್ಟರಮ್ಮನ ಹತ್ತಿರವೂ ಮಾತಾಡಿದೆ. ಹೆತ್ತವರಲ್ಲಿ ತುಂಬ ಜನಕ್ಕೆ ಹೀಗಾಗುತ್ತದೆ, ಮುಚ್ಚಿಡಬೇಡಿ ಎಂದರು.

ಇನ್ನು ಮೇಲೆ ಒಪ್ಪಂದ: ಇಬ್ಬರೂ ಗುಂಡುಕಲ್ಲಲ್ಲ.

ನಿಮ್ಮ ಸೊಸೆ


೯ ಜೂನ್

ಹುಡುಗೀ,

ಒಪ್ಪಂದದ ಪ್ರಕಾರ ಬರೆಯುತ್ತೇನೆ. ನಾಲ್ಕು ಸಾಲು ಬರೆದರೆ ಸುಸ್ತಾಗುತ್ತದೆ, ಅದಕ್ಕೆ ತಡವಾಯಿತು.

ಚಿಲಕದಜ್ಜಿ ಹೋದರು. ನಾನು ಕೊನೆಯ ಕೋಣೆಯಲ್ಲಿ ಬಿದ್ದಿದ್ದಾಗಲೇ ಹೋದರು. ನನಗೆ ನಡೆಯಲು ಬಂದ ಮೇಲೆ ಹೇಳಿದರು. ಸೋಂಕಿನಿಂದಲ್ಲವಂತೆ, ವಯಸ್ಸಾಗಿತ್ತು, ನಿದ್ದೆಯಲ್ಲೇ ಅಂತೆ. ಇರಬಹುದು. ಆದರೆ ಆವತ್ತು ಸಂಜೆ ಅವರ ಬಾಗಿಲ ಹೊರಗೆ ನಿಂತು ಯಾರು ಕೂಗಿದರು? ಹನ್ನೊಂದು ವರ್ಷ ಅವರ ತಲೆ ಬಾಚಿದವಳು ನಾನು. ಒಂದು ಮಾತು ಕೂಗುವುದಕ್ಕೆ ಆಗಲಿಲ್ಲ.

ಅವರ ಕೋಣೆಗೆ ಹೋಗಲು ಕಾಲು ಬರುತ್ತಿಲ್ಲ. ನಿನ್ನೆ ಬಡಿಸುವಾಗ ಸೌಟು ಕೈಜಾರಿತು. ಬಗ್ಗಿ ಎತ್ತಿಕೊಳ್ಳುವುದಕ್ಕೇ ಬೇಸರವಾಗಿ ಅದನ್ನೇ ನೋಡುತ್ತಾ ನಿಂತಿದ್ದೆ. ನನ್ನಿಂದ ಇನ್ನು ಆಗುವುದಿಲ್ಲ. ನೀನು ಮೊದಲ ದಿನವೇ ಹೇಳಿದ್ದು ಸರಿ. ರಾಜೀನಾಮೆ ಬರೆದಿಟ್ಟಿದ್ದೇನೆ. ಮೇಟ್ರನ್ ಇಪ್ಪತ್ತನೇ ತಾರೀಕು ಮುಂದಿನ ತಿಂಗಳ ಪಾಳಿ ಹಾಕುತ್ತಾರೆ, ಅದಕ್ಕೆ ಮುಂಚೆ ಕೊಟ್ಟುಬಿಡುತ್ತೇನೆ. ಆ ಮೇಲೆ ಮನೆಗೆ.

ಸಂತೋಷ ತಾನೇ?

ಅತ್ತೆ


೧೩ ಜೂನ್

ಅತ್ತೆ,

ಲಕೋಟೆಯ ಮೇಲೆ ಬರೆದದ್ದನ್ನು ನೀವು ಆಗಲೇ ಓದಿರುತ್ತೀರಿ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಇಪ್ಪತ್ತನೇ ತಾರೀಕು ಬಂದುಬಿಟ್ಟೀತೆಂದು ಲೆಕ್ಕ ಹಾಕಿ, ದಪ್ಪ ಪೆನ್ನು ತೆಗೆದುಕೊಂಡೆ. ಫೋನು ಮಾಡಬಹುದಿತ್ತು. ಮಾಡಿದ್ದರೆ ನಿಮ್ಮ ದನಿ ಕೇಳಿದ ಕೂಡಲೇ "ಬಂದುಬಿಡಿ" ಎಂದು ಅತ್ತುಬಿಡುತ್ತಿದ್ದೆ.

ಸಂತೋಷ ತಾನೇ ಎಂದು ಕೇಳಿದಿರಿ. ಓದಿದ ಕೂಡಲೇ ಸಾಹೇಬರನ್ನು ಎತ್ತಿಕೊಂಡು ಕುಣಿದೆ. ಅಜ್ಜಿ ಬರ್ತಾರೆ, ಅಜ್ಜಿ ಬರ್ತಾರೆ ಎಂದು. ಒಂದು ಸುತ್ತು ಮುಗಿಯುವ ಮುಂಚೆ ಕಾಲು ನಿಂತಿತು. ಆ ಸೌಟಿನ ಮಾತು ನಾನು ಮೊದಲೂ ಕೇಳಿದ್ದೆ. ನಿಮ್ಮಿಂದಲ್ಲ. ಫೋನಿನಲ್ಲಿ. ಒಬ್ಬರಿಗೆ ಸೌಟು, ಒಬ್ಬರಿಗೆ ಚಪ್ಪಲಿ, ಒಬ್ಬಾಕೆ ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸದೆ ನಿಂತಿದ್ದರಂತೆ. ಎಲ್ಲರೂ ಕೊನೆಗೆ ಹೇಳುವುದು ಒಂದೇ, ನನ್ನಿಂದ ಇನ್ನು ಆಗುವುದಿಲ್ಲ. ನಾನು ಅವರನ್ನು ಕೇಳುತ್ತೇನೆ, "ಕೊನೆಯ ಸಲ ರಜೆ ತೆಗೆದುಕೊಂಡದ್ದು ಯಾವಾಗ?" ಲೆಕ್ಕ ಹಾಕಲು ಶುರು ಮಾಡಿ ಬಿಟ್ಟುಬಿಡುತ್ತಾರೆ. ನೀವೂ ಹೇಳಿ. ಜ್ವರದಲ್ಲಿ ಬಿದ್ದದ್ದನ್ನು ರಜೆಗೆ ಸೇರಿಸಬೇಡಿ.

ನಿಮಗೆ ಬೇಕಾದದ್ದು ನಿದ್ದೆ. ನನಗೆ ಬೇಕಾದದ್ದೂ ಅದೇ, ಅದಕ್ಕೇ ಗುರುತು ಸಿಕ್ಕಿತು.

ನಿನ್ನೆ ಇನ್ನೊಂದು ಬಗೆಯ ಫೋನು ಬಂತು. ಹಗಲು ಆರೈಕೆ ಕೇಂದ್ರದ ಹುಡುಗ. ಅಂಗವಿಕಲರೂ ವಯಸ್ಸಾದವರೂ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಕೇಂದ್ರ. ಸೋಂಕಿಗೆ ಹೆದರಿ ಮುಚ್ಚಿಸಿದ್ದಾರೆ. "ಮೇಡಂ, ಊಟ ಮಾಡಿಸೋಕೆ, ಎತ್ತಿ ಕೂರಿಸೋಕೆ ಎಲ್ಲಾ ಬರುತ್ತೆ ನಮಗೆ. ಮನೇಲಿ ಕೂತು ಗೋಡೆ ನೋಡ್ತಿದ್ದೀವಿ. ಏನಾದ್ರೂ ಕೆಲಸ ಇದ್ಯಾ?" ಎಂದ. ನನ್ನ ಮಡಿಲಲ್ಲಿ ಒಬ್ಬರು, ಕಿವಿಯಲ್ಲಿ ಒಬ್ಬರು, ಮುಂದೆ ನಿಮ್ಮ ಕಾಗದ. ಒಂದು ಕಡೆ ಕೈ ಸಾಲದೆ ಬೀಳುತ್ತಿರುವವರು, ಇನ್ನೊಂದು ಕಡೆ ಪಳಗಿದ ಕೈ ಕಟ್ಟಿ ಕೂತವರು. ಮೇಡಂಗೆ ಆಗಲೇ ಫೋನು ಮಾಡಿದೆ. ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವರೂ ತಲೆ ಚಚ್ಚಿಕೊಂಡರು. ಪರೀಕ್ಷೆ ಮಾಡಿಸಿ, ಒಂದೊಂದು ಆಶ್ರಮಕ್ಕೆ ಇಬ್ಬಿಬ್ಬರನ್ನು ಕಳಿಸುತ್ತಾರೆ. ಹಳಬರು ಸರದಿಯ ಮೇಲೆ ಮನೆಗೆ ಹೋಗಿ ಬರಬೇಕು, ಸಂಬಳ ಕಡಿತವಿಲ್ಲ. ನಿಮ್ಮ ಆಶ್ರಮಕ್ಕೆ ಮೊದಲು ಎಂದು ನಾನು ಕೇಳಲಿಲ್ಲ, ಆಣೆಗೂ. ಅವರೇ ಹಾಕಿದ್ದಾರೆ.

ಅತ್ತೆ, ಮನೆಗೆ ಬನ್ನಿ. ರಜೆ ಹಾಕಿ ಬನ್ನಿ. ಎರಡೂವರೆ ತಿಂಗಳ ಹಿಂದೆ ನಿಯಮದಲ್ಲಿ ಬೇರೆ ದಾರಿ ಇಲ್ಲ ಎಂದಿದ್ದೆ. ಈಗ ಇದೆ. ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಬೇಡ ಅನ್ನಿಸಿದರೆ, ಆ ಕಾಗದವನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ.

ನಿಮ್ಮ ಸೊಸೆ


೨೬ ಜೂನ್

ಹುಡುಗೀ,

ನೀನು ಲಕೋಟೆಯ ಮೇಲೆ ಬರೆದ ಅಕ್ಷರ ಎಷ್ಟು ದಪ್ಪವಿತ್ತು ಎಂದರೆ, ಕನ್ನಡಕ ಮರೆತು ಬಂದವರೂ ಓದಿದರು. "ಅತ್ತೆ, ಅದನ್ನು ಕೊಡಬೇಡಿ. ಅದನ್ನೂ ಮೂರು ದಿನ ಬಿಸಿಲಿಗಿಡಿ." ತಿಂಡಿಯ ಹೊತ್ತಿಗೆ ಮೇಷ್ಟ್ರು ಅದನ್ನು ಪಾಠ ಓದುವ ಹಾಗೆ ಎಲ್ಲರಿಗೂ ಓದಿ ಹೇಳಿದರು. ಆಮೇಲೆ ಶುರುವಾಯಿತು. "ಏನು ಕೊಡಬಾರದಂತೆ?" "ಯಾರಿಗೆ?" "ಚಿನ್ನವೇ ಇರಬೇಕು." ಮೇಟ್ರನ್ ಮಾತ್ರ ಕೇಳಲಿಲ್ಲ. ನನ್ನ ಜೇಬು ನೋಡಿದರು. ಅದು ಜೇಬಿನಲ್ಲೇ ಇತ್ತು.

ಎಲ್ಲರ ಎದುರಿಗೆ ಅದನ್ನು ತೆಗೆದುಕೊಂಡು ಹೋಗಿ ನಿನ್ನ ಲಕೋಟೆಯ ಪಕ್ಕ ಒರಗಿಸಿದೆ. ಗಾಳಿಗೆ ಹಾರದಿರಲಿ ಎಂದು ಮೇಷ್ಟ್ರು ಒಂದು ಚದುರಂಗದ ಕುದುರೆ ತಂದುಕೊಟ್ಟರು. ಅಲ್ಲೇ ಕೂತು ಹೇಳಿದರು. ಅಜ್ಜಿ ಹೋದ ಸಂಜೆ ಬಾಗಿಲ ಹೊರಗೆ ಕೂಗಿದವರು ಅವರೇ ಅಂತೆ. ನಾನು ಮಲಗಿದ ದಿನದಿಂದ ದಿನಾ ಕೂಗುತ್ತಿದ್ದರಂತೆ. "ನಿಮ್ಮ ಹಾಗೇ 'ಕಣ' ಅನ್ನೋ ಕಡೆ ಎಳೆದೆ ಕಣಮ್ಮ. 'ಗಂಟಲು ಕಟ್ಟಿದ್ಯಾ, ಬಿಸಿನೀರು ಕುಡಿ' ಅಂದ್ರು ಆಕೆ." ಮೊದಲೇ ಹೇಳಬಾರದಿತ್ತೇ ಎಂದು ಬೈದೆ. "ಗಂಡಸಿನ ದನಿಯನ್ನು ನಿಮ್ಮ ದನಿ ಅಂದುಕೊಂಡ್ರು ಅಂದ್ರೆ ನಿಮಗೆ ಬೇಜಾರಾಗಬಹುದು ಅಂತ ಸುಮ್ಮನಿದ್ದೆ" ಅಂದರು. ಎಷ್ಟು ದಿನವಾಗಿತ್ತೋ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಗೇ ಅಳುವೂ ಬಂತು.

ನಿನ್ನ ಹಗಲು ಕೇಂದ್ರದ ಇಬ್ಬರು ಬಂದಿದ್ದಾರೆ. ಹುಡುಗ ಉದ್ದಕ್ಕೆ ಏಣಿಯ ಹಾಗಿದ್ದಾನೆ, ಹಾಡು ಕೇಳಿದರೆ ಕಿವಿ ಮುಚ್ಚಬೇಕು, ಆದರೆ ಎತ್ತಿ ಕೂರಿಸುವಾಗ ಯಾರಿಗೂ ನೋವಾಗುವುದಿಲ್ಲ. ಬಾಗಿಲ ಹೊರಗೆ ನಿಂತು ಮೊದಲು ದನಿ ಕೊಡುವುದನ್ನು ಕಲಿಸಿದ್ದೇನೆ. ಅವನು ಹಾಡಿಕೊಂಡೇ ಹೋಗುತ್ತಾನೆ. ನಾಲ್ಕನೇ ಕೋಣೆಯವರು ಗೋಡೆ ಬಡಿಯುತ್ತಾರೆ.

ಜುಲೈ ಒಂದಕ್ಕೆ ಹೊರಡುತ್ತೇನೆ. ಪರೀಕ್ಷೆಯಾಗಿದೆ, ಸೋಂಕಿಲ್ಲ. ಆದರೂ ಮನೆಗೆ ಬಂದ ಕೂಡಲೇ ಕೂಸನ್ನು ಮುಟ್ಟುವುದಿಲ್ಲ. ತಾರಸಿಯ ಮೇಲಿನ ಕೋಣೆ ಗುಡಿಸಿಡು. ನನ್ನನ್ನೂ ಸ್ವಲ್ಪ ದಿನ ಬಿಸಿಲಿಗಿಡಿ.

ಅವನಿಗೆ ನನ್ನ ಗುರುತು ಎಲ್ಲಿರುತ್ತದೆ, ಬಿಡು.

ಅತ್ತೆ


೪ ಜುಲೈ, ತಾರಸಿಯ ಮೇಲಿನ ಕೋಣೆ

ಹುಡುಗೀ,

ಈ ಚೀಟಿಯನ್ನು ಮೇಲಿನ ಮೆಟ್ಟಿಲ ಮೇಲೆ ಇಟ್ಟಿರುತ್ತೇನೆ, ಒಂದು ಕಲ್ಲು ಹೇರಿ. ಬಿಸಿಲು ಚೆನ್ನಾಗಿ ಬೀಳುತ್ತಿದೆ.

ಊಟವಾಗಿ ಸ್ವಲ್ಪ ಹೊತ್ತಿಗೆ ಕೆಳಗೆ ಅಳು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಬೀದಿಗೆಲ್ಲ ಕೇಳಿಸುವ ಹಾಗೆ. ನೀನು ಎತ್ತಿಕೊಳ್ಳುತ್ತೀಯ ಎಂದು ಕಾದೆ. ನಿಲ್ಲಲಿಲ್ಲ. ಹೊರಗೆ ಬಂದು ನೋಡಿದರೆ ನನ್ನ ಮಗರಾಯ ಮೆಟ್ಟಿಲ ಬುಡದಲ್ಲಿ ಅವನನ್ನು ಎತ್ತಿಕೊಂಡು ನಿಂತಿದ್ದಾನೆ. ಹತ್ತುವ ಕಂಬ ಕೈಕೊಟ್ಟ ಹಾಗೆ ಮುಖ. "ಅವಳೆಲ್ಲೋ?" ಅಂದೆ. "ಮಲಗಿದಾಳೆ ಅಮ್ಮ" ಅಂದ ಪಿಸುಗುಟ್ಟಿ. "ಬಟ್ಟೆ ಮಡಚ್ತಾ ಮಡಚ್ತಾ ಬಟ್ಟೆ ರಾಶಿ ಮೇಲೇ ಮಲಗಿಬಿಟ್ಟಿದ್ದಾಳೆ. ಇವನು ಇಷ್ಟು ಕೂಗಿದ್ರೂ ಎಚ್ಚರ ಇಲ್ಲ. ಎಬ್ಬಿಸ್ಲಾ?"

"ಎಬ್ಬಿಸಿದರೆ ನೋಡು" ಅಂದೆ.

ಕೆಳಗೆ ಇಳಿಯುವ ಹಾಗಿಲ್ಲ. ಇನ್ನೇನು ಮಾಡಲಿ. ಮೇಲಿನ ಮೆಟ್ಟಿಲಲ್ಲಿ ನಿಂತು, ಮುಖಗವಸು ಹಾಕಿಕೊಂಡೇ, ಬಾಯಿಗೆ ಬಂದದ್ದನ್ನು ಕೂಗಿದೆ. "ಚಿಲಕ ಎಲ್ಲಾ ಹಾಕಿದ್ದೀನಿ ಕಣಪ್ಪಾ, ನಾನು ಬಂದೆ."

ಅಳು ನಿಂತಿತು. ಅರ್ಧಕ್ಕೇ ನಿಂತಿತು ಕಣೇ, ಬಾಯಿ ತೆರೆದುಕೊಂಡೇ ಇತ್ತು. ಅವನು ಮೊದಲು ನೀನು ಮಲಗಿರುವ ಕೋಣೆಯ ಕಡೆ ನೋಡಿದ. ಆ ದನಿ ಅಲ್ಲಿಂದ ಬರಬೇಕಿತ್ತಲ್ಲ. ಆಮೇಲೆ ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿದ. ಇನ್ನೊಮ್ಮೆ ಹೇಳು ಅನ್ನುವ ಹಾಗೆ ಕಾಲು ಒದ್ದ. ನಾನು ಹೇಳಿದೆ. ಇನ್ನೊಮ್ಮೆ ಒದ್ದ. ಇನ್ನೊಮ್ಮೆ ಹೇಳಿದೆ. ಅವನ ಅಪ್ಪನ ಕೈ ನೋಯುವವರೆಗೂ ಹೀಗೇ ನಡೆಯಿತು. ಎಷ್ಟು ಸಲ ನನ್ನ ರಾಗದಲ್ಲಿ ಈ ಮಾತನ್ನು ಅವನಿಗೆ ಕೂಗಿದ್ದೀಯ ನೀನು?

ರಜೆ ಮುಗಿದ ಮೇಲೆ ಹೋಗುತ್ತೇನೆ. ಆ ಏಣಿ ಹುಡುಗನಿಗೆ ಇನ್ನೂ ಕಲಿಸುವುದಿದೆ. ಕುದುರೆಯ ಕೆಳಗಿರುವ ಕಾಗದವನ್ನು ಏನು ಮಾಡಲಿ ಎಂದು ಮೇಷ್ಟ್ರು ಕೇಳಿ ಕಳಿಸಿದ್ದರು. ಹಿಂದೆ ಖಾಲಿ ಇದೆಯಲ್ಲ, ಆಟದ ಅಂಕ ಬರೆದುಕೊಳ್ಳಿ ಎಂದು ಹೇಳಿದೆ.

ನೀನು ಎದ್ದ ಮೇಲೆ ಇದನ್ನು ಓದು. ಅವಸರವಿಲ್ಲ. ಅವನೂ ಈಗ ಅಪ್ಪನ ಹೆಗಲ ಮೇಲೆ ಮಲಗಿದ್ದಾನೆ. ಉಸಿರು ನೋಡಿಸಿದ್ದಾಯಿತು, ಎರಡು ಸಲ. ಬಾಗಿಲ ಚಿಲಕವನ್ನೂ ಹಾಕಿಸಿದ್ದೇನೆ.

ಮಲಗು.

ಅತ್ತೆ